ನಾಲ್ಕಡಿ ಗಟ್ಟಿ ಮರದಲ್ಲಿ ಎಂಥ ಬಿಲ್ಲು ಮಾಡಬೇಕು?

ನಮ್ಮ ಬಾಗಲಕೋಟೆ, ವಿಜಯಪುರ ಕಡೆ ಬಿಲ್ಲಿಗೆಂದು ಆರಡಿ ಉದ್ದದ, ಗಂಟಿಲ್ಲದ, ನೆಟ್ಟಗಿನ ಮರ ಹುಡುಕಿಕೊಂಡು ಹೊರಟವರು ಬರಿಗೈಲಿ ಮರಳುವುದೇ ಹೆಚ್ಚು. ಎರೆಹೊಲದ ಬದುವಿನ ಜಾಲಿ ಎದೆಮಟ್ಟಕ್ಕೆ ಬರುವಷ್ಟರಲ್ಲಿ ಕವಲೊಡೆದಿರುತ್ತದೆ. ಬಾರಿ ಗಿಡ ಬುಡದಿಂದಲೇ ಡೊಂಕು. ಖಾನಾಪುರದ ಕಾಡಿನ ಮರ ಬೆಳಗಾವಿಯ ಕಟ್ಟಿಗೆ ಅಡ್ಡೆಗಳಿಗೆ ಬಂದರೂ ಬಾಗಿಲು, ಚೌಕಟ್ಟಿನ ಅಳತೆಗೆ ಕೊಯ್ದುಹೋಗಿ, ನಮಗೆ ಸಿಗುವುದು ಮೂರೂವರೆ, ನಾಲ್ಕು, ಹೆಚ್ಚೆಂದರೆ ನಾಲ್ಕೂವರೆ ಅಡಿಯ ತುಂಡು. ಮನೆಯ ಹಿತ್ತಲಲ್ಲಿ ಬಿದ್ದಿರುವ ಹಳೇ ಚಕ್ಕಡಿಯ ನೊಗ, ಮುರಿದ ಕೂರಿಗೆಯ ಕೋಲು, ಕೆಡವಿದ ಮನೆಯ ಜಂತಿಯ ತುದಿ, ಇವೂ ಅಷ್ಟೇ ಉದ್ದ.

"ಇಷ್ಟರಾಗ ಬಿಲ್ಲು ಆಕ್ಕತೇನ್ರಿ?" ಎಂದು ಕೇಳುವವರಿಗೆ ಆಗುತ್ತದೆ ಎಂದೇ ಹೇಳುತ್ತೇನೆ, ಒಳ್ಳೆಯ ಬಿಲ್ಲೇ ಆಗುತ್ತದೆ. ಆದರೆ ಆರಡಿ ಬಿಲ್ಲಿನ ನಕ್ಷೆಯನ್ನು ಕುಗ್ಗಿಸಿ ನಾಲ್ಕಡಿ ಮರದ ಮೇಲೆ ಬರೆದರೆ ಅದು ಮುರಿಯುತ್ತದೆ, ಇಲ್ಲವೇ ಎರಡು ದಿನದಲ್ಲಿ ಬಾಗಿದಲ್ಲೇ ಬಾಗಿ ಸೊರಗುತ್ತದೆ. ತುಂಡು ಮರದಲ್ಲಿ ಆಕಾರಕ್ಕಿಂತ ಮೊದಲು ಒಂದೇ ಲೆಕ್ಕ ಹಾಕಬೇಕು: ಈ ತುಂಡಿನಲ್ಲಿ ನಿಜವಾಗಿ ಬಾಗುವ ಉದ್ದ ಎಷ್ಟು, ಅದನ್ನು ನಾನು ಎಷ್ಟು ಎಳೆಯಲು ಹೊರಟಿದ್ದೇನೆ. ಉಳಿದದ್ದೆಲ್ಲ ಇದರ ಹಿಂದೆ ಬರುತ್ತದೆ.

ಭಾಗಗಳ ಹೆಸರು ಒಮ್ಮೆ ಹೇಳಿಬಿಡುತ್ತೇನೆ. ಬಿಲ್ಲು ಹಿಡಿದು ನಿಂತಾಗ ಗುರಿಯ ಕಡೆಗಿರುವ ಮೈ ಬೆನ್ನು, ನಮ್ಮ ಕಡೆಗಿರುವುದು ಹೊಟ್ಟೆ. ಎಳೆದಾಗ ಬೆನ್ನು ಹಿಗ್ಗುತ್ತದೆ, ಹೊಟ್ಟೆ ಕುಗ್ಗುತ್ತದೆ. ನಡುವೆ ಹಿಡಿ, ಅದರ ಎರಡೂ ಬದಿಗೆ ತೋಳು, ತುದಿಯಲ್ಲಿ ಹೆದೆ ಕೂರುವ ಕಚ್ಚು. ಅಳತೆಯನ್ನು ನಮ್ಮ ಬಡಿಗೇರರು ಹೇಳುವ ಹಾಗೆ ಇಂಚು, ಸೂತದಲ್ಲೇ ಕೊಟ್ಟಿದ್ದೇನೆ; ಎಂಟು ಸೂತ ಒಂದು ಇಂಚು.

ಮೊದಲು ನಿಮ್ಮ ಎಳೆತ ಅಳೆಯಿರಿ

ಗೋಡೆಗೆ ಬೆನ್ನು ಹಚ್ಚಿ ನಿಂತು ಎರಡೂ ಕೈ ಅಗಲಕ್ಕೆ ಚಾಚಿ. ಒಂದು ನಡುಬೆರಳ ತುದಿಯಿಂದ ಇನ್ನೊಂದರ ತುದಿಗೆ ಮನೆಯವರಿಂದ ಟೇಪು ಹಿಡಿಸಿ. ಬಂದ ಇಂಚನ್ನು 2.5ರಿಂದ ಭಾಗಿಸಿದರೆ ನಿಮ್ಮ ಪೂರ್ತಿ ಎಳೆತ, ಅಂದರೆ ಹಿಡಿಯಿಂದ ಹೆದೆಯನ್ನು ಹಿಂದಕ್ಕೆ ಎಳೆಯುವ ದೂರ, ಸಿಗುತ್ತದೆ. ಕೈಯಗಲ 66 ಇಂಚು ಇರುವವರ ಎಳೆತ 26 ಇಂಚಿನ ಆಸುಪಾಸು. ಇದು ಹೆದೆಯನ್ನು ಬಾಯಿಯ ಅಂಚಿನವರೆಗೆ ತಂದು ನಿಲ್ಲಿಸುವ ಪದ್ಧತಿಯ ಅಳತೆ. ಕೈಯನ್ನು ಎದೆಯ ಮುಂದೆಯೇ ತಡೆದು ಬಿಡುವ ಪದ್ಧತಿಯೂ ಇದೆ, ಅದರಲ್ಲಿ ಎಳೆತ ಮೂರು ನಾಲ್ಕು ಇಂಚು ಕಡಿಮೆ. ಅಮೆರಿಕದ ಬಯಲುಸೀಮೆಯ ಮೂಲನಿವಾಸಿಗಳು ಕುದುರೆಯ ಮೇಲಿಂದ ಹೊಡೆಯುತ್ತಿದ್ದದ್ದು ನಾಲ್ಕಡಿ ಆಸುಪಾಸಿನ ಬಿಲ್ಲುಗಳಲ್ಲಿ, ಇಂಥ ಮೊಟಕು ಎಳೆತದಲ್ಲೇ. ತುಂಡು ಮರ ಕೈಗೆ ಬಂದಾಗ ಈ ಪದ್ಧತಿಯನ್ನು ಕೀಳಾಗಿ ನೋಡಬೇಡಿ. ಮರಕ್ಕೆ ಮೂರು ಇಂಚು ಉಳಿಸಿಕೊಡುವುದು ದೊಡ್ಡ ಉಪಕಾರ.

ಈಗ ಗುಣಾಕಾರ. ಹಿಡಿಯೂ ಸೇರಿ ಇಡೀ ಬಿಲ್ಲು ಬಾಗುವ ವಿನ್ಯಾಸಕ್ಕೆ ಕಚ್ಚಿನಿಂದ ಕಚ್ಚಿಗೆ ಬೇಕಾದ ಉದ್ದ ಎಳೆತದ 2.2 ಪಟ್ಟು. ಹಿಡಿ ಗಟ್ಟಿಯಾಗಿದ್ದು ತೋಳು ಮಾತ್ರ ಬಾಗುವುದಾದರೆ ಇದಕ್ಕೆ ಇನ್ನೂ 8 ಇಂಚು ಕೂಡಿಸಬೇಕು. ಅಂದರೆ 28 ಇಂಚಿನ ಎಳೆತಕ್ಕೆ ಪೂರ್ತಿ ಬಾಗುವ ಬಿಲ್ಲು 62 ಇಂಚು, ಗಟ್ಟಿ ಹಿಡಿಯದ್ದು 70. 24 ಇಂಚಿಗೆ 53 ಮತ್ತು 61. 20 ಇಂಚಿಗೆ 44 ಮತ್ತು 52. ಇದು ಅಂದಾಜಿನ ಸೂತ್ರ, ನುರಿತವರು ಇದಕ್ಕಿಂತ ಮೊಟಕಾಗಿಯೂ ಮಾಡುತ್ತಾರೆ, ಆದರೆ ಒಂದೇ ಮರದ ಬಿಲ್ಲು ಮೊದಲ ಸಲ ಮಾಡುವವರು ಇದರ ಒಳಗೇ ಇರಲಿ.

ತಿರುಗಿಸಿ ಲೆಕ್ಕ ಹಾಕಿದರೆ ನಿಮ್ಮ ತುಂಡು ಏನು ಕೊಡಬಲ್ಲದೆಂದು ಗೊತ್ತಾಗುತ್ತದೆ. ಎರಡೂ ತುದಿಯ ಕಚ್ಚಿಗೆ ಒಟ್ಟು ಒಂದೂವರೆ ಇಂಚು ಕಳೆಯಿರಿ. ನಾಲ್ಕಡಿ ತುಂಡಿನಲ್ಲಿ 46.5 ಇಂಚು ಉಳಿಯಿತು, ಎಳೆತ 21 ಇಂಚು. ನಾಲ್ಕೂವರೆ ಅಡಿಗೆ 24 ಇಂಚು. ಮೂರೂವರೆ ಅಡಿಯಾದರೆ 18 ಇಂಚು, ಅದು ಸಣ್ಣ ಮಕ್ಕಳ ಬಿಲ್ಲು. ಮಕ್ಕಳಿಗೆ ಸರಿಯಾಗಿ ಹದ ಮಾಡಿದ, ಅಂದರೆ ಎರಡೂ ತೋಳು ಸಮನಾಗಿ ಬಾಗುವಂತೆ ಕೆರೆದ, ಗಟ್ಟಿಮರದ ಬಿಲ್ಲು ಸಿಗುವುದು ಬಲು ಅಪರೂಪ, ಆದ್ದರಿಂದ ಮೂರೂವರೆ ಅಡಿಯ ತುಂಡನ್ನು ಒಲೆಗೆ ಹಾಕಬೇಡಿ.

ಮರದ ಪರೀಕ್ಷೆ

ಜಾತಿಯ ಹೆಸರು ಅರ್ಧ ಮಾತು ಮಾತ್ರ ಹೇಳುತ್ತದೆ. ದಿಂಡುಗ ಗಟ್ಟಿ, ಬಾಗಿದರೆ ಮರಳುವ ಗುಣದ್ದು. ಚಕ್ಕಡಿಯ ಅಚ್ಚಿಗೂ ಕೊಡಲಿ ಕಾವಿಗೂ ಅದನ್ನೇ ಆರಿಸುತ್ತಿದ್ದದ್ದು ಇದಕ್ಕಾಗಿ. ತಡಸಲು ಇನ್ನೂ ಮೇಲು, ಬಿಲ್ಲು, ಕಾವು, ಹೊರುವ ಕೋಲುಗಳಿಗೆ ಹೆಸರಾದ ಮರ. ನಾನು ಕೇಳಿದ್ದೆಲ್ಲ ಸಿಗುವುದಾದರೆ ಅದನ್ನೇ ಕೇಳುತ್ತೇನೆ. ಹಿಪ್ಪುನೇರಳೆಯನ್ನು ರೇಷ್ಮೆಯವರು ಗಿಡವಾಗಿಯೇ ಸವರುತ್ತಾರೆ, ಆದರೆ ಮರವಾಗಿ ಬೆಳೆದದ್ದು ಎಲ್ಲಾದರೂ ಗಾಳಿಗೆ ಬಿದ್ದಿದ್ದರೆ ಬಿಡಬೇಡಿ. ಅಮೆರಿಕದಲ್ಲಿ ಬಿಲ್ಲಿಗೆ ಪ್ರಸಿದ್ಧವಾದ ಓಸೇಜ್ ಆರೆಂಜ್ ಇದೇ ಕುಟುಂಬದ ಮರ. ಜಾಲಿಯ ಕೆಂಪು ಕೆಚ್ಚು ಗಟ್ಟಿ, ಆದರೆ ನಾರು ಅಲೆಯಲೆಯಾಗಿ ಓಡುತ್ತದೆ. ನೆಟ್ಟಗಿನ ತುಂಡನ್ನು ಹುಡುಕಿಯೇ ತೆಗೆಯಬೇಕು. ಹುಣಸೆಯ ನಾರು ಒಂದಕ್ಕೊಂದು ಹೆಣೆದುಕೊಂಡಿರುತ್ತದೆ, ಒನಕೆ ಕೊಡತಿಗೆ ಸೈ, ಬಿಲ್ಲಿಗೆ ಬೇಡ. ಮತ್ತಿ, ಬೇವು ಕೂಡ ನನ್ನ ಆಯ್ಕೆಯಲ್ಲ. ಸಾಗುವಾನಿ ಎಲ್ಲೆಡೆ ಸಿಗುತ್ತದೆ, ಆದರೆ ಅದಕ್ಕೆ ಬಿದಿರಿನ ಬೆನ್ನು ಹಚ್ಚದೆ ಮೊಟಕು ಬಿಲ್ಲು ಮಾಡಲು ಹೋಗಬೇಡಿ.

ಬನ್ನಿಯನ್ನು ಕೇಳುವವರಿದ್ದಾರೆ. ಪಾಂಡವರು ತಮ್ಮ ಬಿಲ್ಲುಬಾಣ ಬಚ್ಚಿಟ್ಟ ಮರ, ನಾವು ದಸರೆಗೆ ಬಂಗಾರವೆಂದು ಕೈಗೆ ಕೈ ಹಂಚುವ ಎಲೆ. ಅದನ್ನು ಕಡಿಯುವ ಮಾತೇ ಬೇಡ. ಬೀಟೆ, ಗಂಧದ ಗೊಡವೆಗೂ ಹೋಗಬೇಡಿ. ಸ್ವಂತ ಹೊಲದ ಮರವೇ ಆದರೂ ಕರ್ನಾಟಕದಲ್ಲಿ ಮರ ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ; ಕೊಡಲಿ ಎತ್ತುವ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಅಡ್ಡೆಯ ಉಳಿಕೆ ತುಂಡು, ಹಳೇ ಸಾಮಾನಿನ ಮರ ತಂದರೆ ಈ ತೊಡಕು ಬರುವುದಿಲ್ಲ.

ಕೈಯಲ್ಲಿರುವ ತುಂಡನ್ನು ಹೀಗೆ ನೋಡಿ. ಬದಿಯಿಂದ ಪೆನ್ಸಿಲ್ ದಪ್ಪದ, ಒಂದು ಗೇಣಿಗಿಂತ ತುಸು ಉದ್ದದ ಕಡ್ಡಿಯನ್ನು ಉಳಿಯಿಂದ ಸೀಳಿ ತೆಗೆಯಿರಿ. ಗರಗಸದಿಂದ ಕೊಯ್ಯಬೇಡಿ, ಸೀಳಲೇಬೇಕು. ಎರಡೂ ಕೈಯಲ್ಲಿ ಹಿಡಿದು ನಿಧಾನಕ್ಕೆ ಬಾಗಿಸುತ್ತ ಹೋಗಿ. ಒಳ್ಳೆಯ ಮರ ಮೊದಲು ಬಾಗುತ್ತದೆ, ಆಮೇಲೆ ಕರಕರ ಸದ್ದು ಮಾಡುತ್ತದೆ, ಕೊನೆಗೆ ಉದ್ದುದ್ದ ಸಿಬಿರೆದ್ದು ಮುರಿದರೂ ಎರಡು ತುಂಡು ನಾರಿನಲ್ಲಿ ಜೋತಾಡುತ್ತಲೇ ಇರುತ್ತವೆ. ಕೆಟ್ಟ ಮರ ಗಜ್ಜರಿ ಮುರಿದಂತೆ ಟಕ್ಕೆಂದು ಎರಡಾಗುತ್ತದೆ, ಮುರಿದ ಮುಖ ಸಪಾಟು. ಮಳೆ ಬಿಸಿಲಲ್ಲಿ ವರ್ಷಗಟ್ಟಲೆ ಬಿದ್ದ ನೊಗ, ಜಂತಿಗಳಲ್ಲಿ ಈ ಎರಡನೆಯದು ಸಾಮಾನ್ಯ. ಹೊರಗೆ ನೋಡಿದರೆ ಕಲ್ಲಿನಂತಿದ್ದರೂ ಒಳಗೆ ಜೀವ ಹೋಗಿರುತ್ತದೆ. ಅಂಥದಕ್ಕೆ ಯಾವ ವಿನ್ಯಾಸವೂ ಕೂಡುವುದಿಲ್ಲ, ಬೇರೆ ತುಂಡು ನೋಡಿ.

ಆಮೇಲೆ ನಾರಿನ ಓಟ. ಚಳಿದೇಶದ ಮರಗಳಲ್ಲಿ ವರ್ಷದ ಬಳೆಗಳು ಎದ್ದು ಕಾಣುವುದರಿಂದ ಅಲ್ಲಿನವರು ಬೆನ್ನಿಗೆ ಒಂದೇ ಬಳೆ ಉಳಿಸಿ ಕೆತ್ತುತ್ತಾರೆ. ನಮ್ಮ ಬಹಳಷ್ಟು ಮರಗಳಲ್ಲಿ ಬಳೆ ಹಾಗೆ ಬಿಡಿಸಿ ಕಾಣುವುದಿಲ್ಲ, ಆದ್ದರಿಂದ ನಾರನ್ನೇ ನಂಬಬೇಕು. ಬೆನ್ನಿಗೆ ಆರಿಸಿದ ಮೈಯನ್ನು ರಂದಾ ಹೊಡೆದು ನಯ ಮಾಡಿ, ಬರೆಯುವ ಶಾಯಿಯ ಒಂದು ಹನಿ ಇಡಿ. ಶಾಯಿ ನಾರಿನ ಗುಂಟ ಉದ್ದಕ್ಕೆ ಹರಡುತ್ತದೆ. ಆರೆಂಟು ಕಡೆ ಹೀಗೆ ಇಟ್ಟರೆ ನಾರು ತುದಿಯಿಂದ ತುದಿಗೆ ಓಡಿದೆಯೋ, ನಡುವೆ ಎಲ್ಲೋ ಪಕ್ಕಕ್ಕೆ ಜಾರಿ ಅಂಚಿನಿಂದ ಹೊರಹೋಗಿದೆಯೋ ಕಣ್ಣಿಗೆ ಕಾಣುತ್ತದೆ. ತೋಳಿನ ಮಧ್ಯದಲ್ಲಿ ನಾರು ಹೊರಗೆ ಓಡಿದ್ದರೆ ಬೆನ್ನು ಅಲ್ಲಿಯೇ ಎದ್ದು ಬರುತ್ತದೆ. ಇಡೀ ಮರದ ದಿಮ್ಮಿ ನಿಮ್ಮದಾಗಿದ್ದರೆ ಬಡಿಗೇರ ಕಾಕಾನಿಗೆ ಮೊದಲೇ ಹೇಳಿ: "ಕಾಕಾ, ನಾರು ಹಿಡದ ಸೀಳಿ ಕೊಡ್ರಿ, ಗೆರಿ ಹೊಡದ ಕೊಯ್ಯಬ್ಯಾಡ್ರಿ." ಸೀಳು ಸ್ವಲ್ಪ ಡೊಂಕಿದ್ದರೂ ನಾರು ಪೂರ್ತಿ ಇರುತ್ತದೆ. ನೆಟ್ಟಗೆ ಕೊಯ್ದ ಹಲಗೆಯಲ್ಲಿ ನಾರು ತುಂಡಾಗಿರಬಹುದು.

ಹಸಿ ಮರವಾದರೆ ಎರಡೂ ತುದಿಗೆ ದಪ್ಪನಾಗಿ ಪೇಂಟು ಬಳಿದು ನೆರಳಲ್ಲಿಡಿ, ಇಲ್ಲವಾದರೆ ತುದಿ ಸೀಳಿ ನಿಮ್ಮ ನಾಲ್ಕಡಿ ಮೂರೂವರೆಯಾಗುತ್ತದೆ. ಬಿಲ್ಲಿನ ಒರಟು ಆಕಾರಕ್ಕೆ ಕೆತ್ತಿಟ್ಟರೆ ಬೇಗ ಒಣಗುತ್ತದೆ. ವಾರಕ್ಕೊಮ್ಮೆ ಕಿರಾಣಿ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತಾಗ ಒಣಗಿದೆ ಎಂದರ್ಥ.

ಬಾಗುವ ಉದ್ದದ ಲೆಕ್ಕ

ಈ ಭಾಗವನ್ನು ಅವಸರ ಮಾಡದೆ ಓದಿ. 50 ಇಂಚಿನ ತುಂಡು ಇದೆ ಎನ್ನಿ. ಕಚ್ಚಿನಿಂದ ಕಚ್ಚಿಗೆ 48.5. ಅಂಗಡಿಯ ಬಿಲ್ಲಿನ ಹಾಗೆ ಅಂಗೈ ತುಂಬುವ ದಪ್ಪ ಹಿಡಿ ಬಿಟ್ಟರೆ ಅದಕ್ಕೆ 4 ಇಂಚು, ಹಿಡಿಯ ದಪ್ಪದಿಂದ ತೋಳಿನ ತೆಳುವಿಗೆ ಇಳಿಯುವ ಇಳಿಜಾರಿಗೆ ಆಚೆ ಈಚೆ ಎರಡೆರಡು ಇಂಚು, ಒಟ್ಟು 8 ಹೋಯಿತು. ತುದಿಯ ಮೂರು ಮೂರು ಇಂಚು ಹೆಚ್ಚುಕಡಿಮೆ ಬಾಗುವುದೇ ಇಲ್ಲ, ಇನ್ನೂ 6. ಉಳಿದದ್ದು 34.5 ಇಂಚು. ಇಡೀ ಎಳೆತದ ಭಾರ ಇಷ್ಟರ ಮೇಲೆ. ಅದೇ ತುಂಡಿನಲ್ಲಿ ಹಿಡಿಯನ್ನೂ ಬಾಗಲು ಬಿಟ್ಟರೆ 42.5 ಇಂಚು ಕೆಲಸ ಮಾಡುತ್ತದೆ. ಒಂದು ಇಂಚು ಮರವನ್ನೂ ಕೂಡಿಸದೆ ಬಾಗುವ ಉದ್ದ ಸುಮಾರು ಕಾಲು ಭಾಗ ಹೆಚ್ಚಿತು. ತುಂಡು ಮರಕ್ಕೆ ಪೂರ್ತಿ ಬಾಗುವ ಬಿಲ್ಲನ್ನೇ ಮೊದಲ ಆಯ್ಕೆಯಾಗಿ ನಾನು ಹೇಳುವುದು ಇದೇ ಕಾರಣಕ್ಕೆ.

ಮೊಟಕು ಬಿಲ್ಲಿಗೆ ಇನ್ನೊಂದು ತೊಡಕಿದೆ. ಎಳೆಯುತ್ತ ಹೋದಂತೆ ಹೆದೆಗೂ ತೋಳಿನ ತುದಿಗೂ ನಡುವಿನ ಕೋನ ಅಗಲವಾಗುತ್ತದೆ. ಅದು ಲಂಬಕೋನ ಮುಟ್ಟಿತೆಂದರೆ ಹೆದೆ ತೋಳನ್ನು ಬಾಗಿಸುವುದಕ್ಕಿಂತ ಅದರ ಉದ್ದಕ್ಕೇ ಜಗ್ಗತೊಡಗುತ್ತದೆ. ಅಲ್ಲಿಯವರೆಗೆ ಇಂಚಿಗೆ ಎರಡು ಪೌಂಡಿನಂತೆ ಏರುತ್ತಿದ್ದ ಭಾರ, ಅಂದರೆ ಹೆದೆ ಎಳೆಯಲು ಬೇಕಾದ ಬಲ, ಕೊನೆಯ ಇಂಚುಗಳಲ್ಲಿ ಒಮ್ಮೆಲೆ ಜಿಗಿಯುತ್ತದೆ. ಬೆರಳು ನೋಯುತ್ತದೆ, ಬಾಣಕ್ಕೆ ಅದರಷ್ಟು ವೇಗ ಬರುವುದಿಲ್ಲ, ಮರಕ್ಕೆ ಮಾತ್ರ ಪೂರ್ತಿ ಪೆಟ್ಟು. ಮೇಲಿನ 2.2ರ ಲೆಕ್ಕ ನಿಮ್ಮನ್ನು ಈ ಜಾಗಕ್ಕೆ ಹೋಗದಂತೆ ತಡೆಯುತ್ತದೆ.

ಅಗಲ, ದಪ್ಪ

ಬಿಲ್ಲಿನ ಬಲ ಅಗಲಕ್ಕೆ ನೇರವಾಗಿ ಏರುತ್ತದೆ, ದಪ್ಪಕ್ಕೆ ಘನದ ಲೆಕ್ಕದಲ್ಲಿ. ಅಗಲ ಇಮ್ಮಡಿಯಾದರೆ ಬಲ ಇಮ್ಮಡಿ. ದಪ್ಪ ಇಮ್ಮಡಿಯಾದರೆ ಎಂಟು ಪಟ್ಟು. ದಪ್ಪದಲ್ಲಿ ಹತ್ತರಲ್ಲಿ ಒಂದು ಭಾಗ ಕೆರೆದರೆ ಬಲದ ಕಾಲು ಭಾಗಕ್ಕಿಂತ ಹೆಚ್ಚು ಹೋಗುತ್ತದೆ. ಇನ್ನೊಂದು ಕಡೆ, ಒಂದೇ ಬಾಗಿಗೆ ಬಾಗಿದಾಗ ಮೇಲ್ಮೈಯ ನಾರಿಗೆ ಬೀಳುವ ಜಗ್ಗಾಟ ದಪ್ಪದ ಮೇಲೆಯೇ ನಿಂತಿದೆ, ಅಗಲದ ಮೇಲಲ್ಲ. ಮೊಟಕು ಬಿಲ್ಲು ಉದ್ದ ಬಿಲ್ಲಿಗಿಂತ ಕಡಿದಾಗಿ ಬಾಗಬೇಕು. ಹಾಗಾಗಿ ಅದು ತೆಳುವಾಗಿರಬೇಕು, ತೆಳುವಾಗಿ ಕಳೆದುಕೊಂಡ ಬಲವನ್ನು ಅಗಲದಿಂದ ತುಂಬಿಕೊಳ್ಳಬೇಕು.

ಇದು ಹೊಸ ವಿದ್ಯೆಯೇನಲ್ಲ. ಡೆನ್ಮಾರ್ಕಿನ ಹೋಲ್ಮೆಗಾರ್ಡ್ ಜೌಗುನೆಲದಲ್ಲಿ 1944ರಲ್ಲಿ ಸಿಕ್ಕ ಎಲ್ಮ್ ಮರದ ಬಿಲ್ಲುಗಳು ಶಿಲಾಯುಗದವು. ಅವುಗಳ ತೋಳು ಅಗಲ, ಚಪ್ಪಟೆ. ಸಾಧಾರಣ ಮರದಿಂದ ಕೆಲಸ ತೆಗೆಯುವ ದಾರಿ ಅದೆಂದು ಅಂದಿನವರಿಗೇ ಗೊತ್ತಿತ್ತು. ದುಂಡನೆಯ, ಕಿರಿದಾದ ಇಂಗ್ಲಿಷ್ ಉದ್ದಬಿಲ್ಲಿನ ಆಕಾರ ಚಂದ ಕಾಣುತ್ತದೆಂದು ನಾಲ್ಕಡಿಯಲ್ಲಿ ಅದನ್ನು ಮಾಡಲು ಹೋಗುವವರಿಗೆ ನಾನು ಈ ಬಿಲ್ಲುಗಳ ಚಿತ್ರ ತೋರಿಸುತ್ತೇನೆ.

ದಿಂಡುಗ, ತಡಸಲು, ಜಾಲಿಯಂಥ ತೂಕದ ಮರಕ್ಕೆ ತೋಳಿನ ಅಗಲ ಒಂದೂವರೆಯಿಂದ ಒಂದೂಮುಕ್ಕಾಲು ಇಂಚು ಇಡಿ. ಹಗುರ ಮರಕ್ಕೆ 2 ಇಂಚು. ದಪ್ಪ ಕೆತ್ತುವಾಗ ನಡುವೆ 6 ಸೂತ, ತುದಿಯಲ್ಲಿ 4 ಸೂತ ಉಳಿಸಿ. ಬಾಗಿಸಿ ಬಾಗಿಸಿ ನೋಡುತ್ತ ಇಳಿಸಿದಾಗ ನಡುವೆ 4–5 ಸೂತಕ್ಕೆ ಬಂದು ನಿಲ್ಲುತ್ತದೆ. ಭಾರದ ಗುರಿ 30–35 ಪೌಂಡ್, ಅಂದರೆ 14–16 ಕಿಲೊ. ಗುರಿಹಲಗೆಗೆ ಹೊಡೆಯಲು ಅಷ್ಟು ಧಾರಾಳ ಸಾಕು. 50 ಪೌಂಡಿನ ಆಸೆಯನ್ನು ಉದ್ದ ಮರ ಸಿಕ್ಕಾಗ ತೀರಿಸಿಕೊಳ್ಳಿ.

ಈಗ ವಿನ್ಯಾಸ ಆರಿಸುವುದು

ಮರ ಸೀಳು ಪರೀಕ್ಷೆಯಲ್ಲಿ ಪಾಸಾಗಿ, 46ರಿಂದ 56 ಇಂಚಿನ ನಡುವೆ ಇದ್ದರೆ ಪೂರ್ತಿ ಬಾಗುವ ಬಿಲ್ಲು. ಇದರ ನಕ್ಷೆ ಸರಳ. ನಡುವಿನಿಂದ ತೋಳಿನ ಅರ್ಧದವರೆಗೆ ಅಗಲ ಒಂದೇ ಸಮ, ಅಲ್ಲಿಂದ ಅಂಚು ನೇರಗೆರೆಯಲ್ಲಿ ಕಿರಿದಾಗುತ್ತ ತುದಿಗೆ 4 ಸೂತ. ಹಿಡಿಯುವ ಜಾಗ ಅಂಗೈಗೆ ಅಗಲವೆನಿಸಿದರೆ ಅಲ್ಲಿ ಮಾತ್ರ ಒಂದೂಕಾಲು ಇಂಚಿಗೆ ಇಳಿಸಿ, ಆ ನಾಲ್ಕು ಇಂಚಿನಲ್ಲಿ ದಪ್ಪವನ್ನು ಒಂದು ಸೂತ ಹೆಚ್ಚು ಬಿಡಿ. ಆಗಲೂ ಅದು ತುಸು ಬಾಗುತ್ತದೆ, ಬಾಗಲೇಬೇಕು. ಎಳೆದಾಗ ಬಿಲ್ಲು ಒಂದೇ ಕಮಾನಾಗಿ ಕಾಣಬೇಕು, ಎಲ್ಲೂ ಮೊಣಕೈ ಏಳಬಾರದು. ಬಾಣಕ್ಕೆ ಕಟ್ಟೆ ಕೆತ್ತಲು ಇಲ್ಲಿ ಜಾಗವಿಲ್ಲ, ಬೆರಳ ಗೆಣ್ಣಿನ ಮೇಲಿಂದಲೇ ಹೊಡೆಯಬೇಕು, ಅದಕ್ಕೆ ಚರ್ಮದ ಪಟ್ಟಿ ಸುತ್ತಿಕೊಳ್ಳಿ. ಬಾಣ ಬಿಟ್ಟಾಗ ಕೈಗೆ ಸಣ್ಣ ಅದುರು ಬರುತ್ತದೆ. ತುದಿಗಳನ್ನು 3 ಸೂತಕ್ಕೆ ಇಳಿಸಿದರೆ ಅದು ಬಹುಪಾಲು ಹೋಗುತ್ತದೆ.

ಮರ 57–60 ಇಂಚು ಇದ್ದು ನಿಮ್ಮ ಎಳೆತವೂ 23ರ ಒಳಗಿದ್ದರೆ ಮಾತ್ರ ಗಟ್ಟಿ ಹಿಡಿಯ ಯೋಚನೆ ಮಾಡಿ. ಆಗ ತೋಳಿನ ಆಕಾರ ಹಿಡಿಯ ಹತ್ತಿರ 2 ಇಂಚು ಅಗಲವಾಗಿ ಅಲ್ಲಿಂದ ತುದಿಗೆ ನೇರ ಇಳಿಯುವ ತ್ರಿಕೋನವಾಗಿರಲಿ. ಈ ಆಕಾರದಲ್ಲಿ ದಪ್ಪ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಇರುವುದರಿಂದ ಹದ ಮಾಡುವುದು ಸುಲಭ, ತುದಿಯೂ ಹಗುರ.

ಸಾಗುವಾನಿ ಹಲಗೆ, ಅಥವಾ ಬೆನ್ನಿನ ನಾರು ಅಲ್ಲಲ್ಲಿ ತುಂಡಾದ ಒಳ್ಳೆಯ ಮರ ಇದ್ದರೆ ಬಿದಿರಿನ ಬೆನ್ನು ಹಚ್ಚಿ. ಜಗ್ಗಾಟವನ್ನು ತಡೆಯುವುದರಲ್ಲಿ ಬಿದಿರನ್ನು ಮೀರಿಸುವ ಮರವಿಲ್ಲ, ಕುಗ್ಗುವ ಕೆಲಸಕ್ಕೆ ಕೆಳಗೆ ಗಟ್ಟಿಮರ ಇರುತ್ತದೆ. ಮೇದಾರ ಓಣಿಯಲ್ಲಿ ಕೇಳಿದರೆ ಬಲಿತ, ದಪ್ಪ ಗೋಡೆಯ ಬಿದಿರು ಆರಿಸಿಕೊಡುತ್ತಾರೆ. ಏಣಿಗೆ ಬಳಸುವಂಥದ್ದು ಎಂದು ಹೇಳಿ. ಪಟ್ಟಿಯ ಒಳಮೈಯನ್ನು ಮಾತ್ರ ರಂದಾ ಹೊಡೆದು ಸಪಾಟು ಮಾಡಿ, ನಡುವೆ ಒಂದು ಸೂತಕ್ಕಿಂತ ದಪ್ಪ ಬೇಡ. ಹೊರಮೈಯ ಹೊಳಪಿನ ಸಿಪ್ಪೆಯನ್ನು ಮುಟ್ಟಬೇಡಿ, ಬಿದಿರಿನ ಬಲ ಹೆಚ್ಚಾಗಿ ಅದರ ಕೆಳಗಿನ ಹೊರನಾರಿನಲ್ಲೇ ಇರುವುದು. ಗಿಣ್ಣುಗಳನ್ನೂ ಸಪಾಟಾಗಿ ಕೆರೆಯಬಾರದು. ಹಗುರ ಮರದ ಮೇಲೆ ಅಗಲವಾದ ಬಿದಿರು ಹಚ್ಚಿದರೆ ಬೆನ್ನು ಗೆದ್ದು ಹೊಟ್ಟೆ ಸೋಲುತ್ತದೆ: ಹೊಟ್ಟೆಯ ಮೇಲೆ ಅಡ್ಡಡ್ಡ ಸಣ್ಣ ಮಡಿಕೆಗೆರೆ ಬೀಳುತ್ತವೆ. ಅದಕ್ಕೆ ಬೆನ್ನಿನ ಅಂಚುಗಳನ್ನು ಓರೆ ಕೆತ್ತಿ ಬಿದಿರನ್ನು ಮರಕ್ಕಿಂತ ಕಿರಿದು ಮಾಡಬೇಕು.

ಅಂಟಿನ ವಿಷಯದಲ್ಲಿ ಉಳಿತಾಯ ಬೇಡ. ಬಡಿಗೇರರ ಬಿಳಿ ಅಂಟು ಕುರ್ಚಿಗೆ ಸಾಕು, ಆದರೆ ವಿಜಯಪುರದ ಏಪ್ರಿಲ್, ಮೇ ಬಿಸಿಲಿಗೆ ಅದು ಮೆತ್ತಗಾಗಿ ಪದರ ಜಾರುತ್ತದೆ. ಎರಡು ಟ್ಯೂಬು ಕಲಸಿ ಹಚ್ಚುವ, ನಿಧಾನಕ್ಕೆ ಗಟ್ಟಿಯಾಗುವ ಎಪಾಕ್ಸಿ ಬಳಸಿ. ಹಳೇ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಬಿಗಿಯಾಗಿ ಸುತ್ತಿದರೆ ಹತ್ತು ಕ್ಲ್ಯಾಂಪಿಗಿಂತ ಚೆನ್ನಾಗಿ ಒತ್ತುತ್ತದೆ. ಸುತ್ತುವಾಗ ತುದಿಗಳನ್ನು ಬೆನ್ನಿನ ಕಡೆ ಒಂದು ಇಂಚು ಬಾಗಿಸಿ ಕಟ್ಟಿಟ್ಟರೆ ಬಿಲ್ಲಿಗೆ ಮೊದಲಿನಿಂದಲೇ ಸೆಡೆತ ಬರುತ್ತದೆ.

ನಿಮ್ಮ ಹತ್ತಿರ ಒಂದೇ ದಿಮ್ಮಿಯಿಂದ ಬಂದ, ಮೂರು ಮೂರು ಅಡಿಯ ಎರಡು ತುಂಡುಗಳಿದ್ದರೆ ಅದು ನಾಲ್ಕಡಿ ತುಂಡಿಗಿಂತ ದೊಡ್ಡ ಭಾಗ್ಯ. ಹಿಡಿಯಲ್ಲಿ 4 ಇಂಚು ಒಂದರೊಳಗೊಂದು ಕೂರುವಂತೆ ಹಲ್ಲು ಕೊಯ್ದು ಎಪಾಕ್ಸಿಯಿಂದ ಕೂಡಿಸಿದರೆ 68 ಇಂಚಿನ ಬಿಲ್ಲಾಗುತ್ತದೆ. ಬೆಸುಗೆ ಹಿಡಿಯೊಳಗೆ ಇರುವುದರಿಂದ ಹಿಡಿ ಬಾಗಬಾರದು, ದಪ್ಪವಾಗಿಯೇ ಇರಲಿ. ಹಾಗಿದ್ದೂ ಎಳೆತ 26 ಇಂಚು ಸಿಗುತ್ತದೆ, ಹೆಚ್ಚಿನ ಜನರಿಗೆ ಅದು ಪೂರ್ತಿ ಎಳೆತ. ದಿಮ್ಮಿಯಲ್ಲಿ ಅಕ್ಕಪಕ್ಕ ಇದ್ದ ಸೀಳುಗಳನ್ನೇ ಜೋಡಿಸಿ. ಬೇರೆ ಬೇರೆ ಮರದ ತೋಳು ಬೇರೆ ಬೇರೆಯಾಗಿ ಬಾಗುತ್ತವೆ. ಕೊಯ್ಯುವ ಕೆಲಸ ಮಾತ್ರ ನುರಿತ ಬಡಿಗೇರರ ಕೈಯಲ್ಲಿ ಆಗಲಿ. ಅರ್ಧ ಸೂತ ಸಂದು ಬಿಟ್ಟರೂ ಅಂಟು ತಡೆಯುವುದಿಲ್ಲ.

ತುದಿ ಹೊರಗೆ ಬಾಗಿದ ಬಿಲ್ಲಿನ ಬಗ್ಗೆ ಎಲ್ಲರಿಗೂ ಆಸೆ ಇರುತ್ತದೆ. ಆದಿಲ್‌ಶಾಹಿ ಕಾಲದ ಚಿತ್ರಗಳಲ್ಲಿ ಅಷ್ಟು ಸಣ್ಣ ಬಿಲ್ಲನ್ನು ಕಿವಿಯವರೆಗೆ ಎಳೆಯುತ್ತಾರಲ್ಲ, ನಮ್ಮ ಮರದಿಂದ ಯಾಕಾಗದು ಎಂದು ಕೇಳುತ್ತಾರೆ. ಆ ಬಿಲ್ಲುಗಳಲ್ಲಿ ಮರ ನಡುವಿನ ತೆಳು ಪದರ ಮಾತ್ರ. ಹೊಟ್ಟೆಗೆ ಎಮ್ಮೆ ಕೋಡು, ಬೆನ್ನಿಗೆ ಪ್ರಾಣಿಗಳ ಸ್ನಾಯು. ಮರ ತನ್ನ ಉದ್ದದ ನೂರನೇ ಒಂದು ಭಾಗದಷ್ಟು ಕುಗ್ಗುವಷ್ಟರಲ್ಲಿ ಅದರ ಎಲ್ಲೆ ಬಂದಿರುತ್ತದೆ, ಕೋಡು ಅದರ ಹಲವು ಪಟ್ಟು ಕುಗ್ಗಿಯೂ ಮರಳುತ್ತದೆ. ಹೊರಬಾಗಿದ ತುದಿ ಕೊನೆಯ ಇಂಚುಗಳ ಭಾರದ ಜಿಗಿತವನ್ನು ತಗ್ಗಿಸುವುದು ನಿಜ, ಆದರೆ ಬಾಗದ ತುದಿ ಉದ್ದವಾದಷ್ಟೂ ಬಾಗುವ ಉದ್ದ ಮೊಟಕಾಗುತ್ತದೆ. ನಾಲ್ಕಡಿ ಒಂಟಿ ಮರಕ್ಕೆ ಅದು ಭರಿಸಲಾರದ ಖರ್ಚು.

ಗಂಟು ಇದ್ದರೆ ಎಲ್ಲಿದೆ ನೋಡಿ. ಹಿಡಿಯ ಬಳಿಯಾದರೆ ಅಲ್ಲಿ ದಪ್ಪ ಬಿಟ್ಟು ದಾಟಿಸಬಹುದು. ತೋಳಿನ ನಟ್ಟನಡುವೆ ಇದ್ದರೆ ತುಂಡನ್ನು ಅಲ್ಲಿಗೇ ಕತ್ತರಿಸಿ ಮಕ್ಕಳ ಬಿಲ್ಲು ಮಾಡುವುದು ಮೇಲು.

ಕೆತ್ತಿ ಬಾಗಿಸುವಾಗ

ಬಾಚಿಯಿಂದ ಒರಟು ಕೆಲಸ, ರಂದಾ ಮತ್ತು ಅರದಿಂದ ಆಕಾರ, ಕೊನೆಗೆ ಒಡೆದ ಗಾಜಿನ ಅಂಚಿನಿಂದ ಕೆರೆತ. ಕೆರೆಯುವುದೆಲ್ಲ ಹೊಟ್ಟೆಯ ಕಡೆಯಿಂದಲೇ, ಬೆನ್ನಿಗೆ ಪಾಲಿಶ್ ಪೇಪರ್ ಬಿಟ್ಟರೆ ಏನೂ ತಾಗಬಾರದು. ಅಂಚುಗಳನ್ನು ದುಂಡಗೆ ಮಾಡಿ, ಚೂಪು ಅಂಚಿನಿಂದಲೇ ಸಿಬಿರು ಏಳುವುದು.

ಗೋಡೆಗೆ ಒಂದು ಗೂಟ ಹೊಡೆದು ಬಿಲ್ಲನ್ನು ಅದರ ಮೇಲೆ ಕೂರಿಸಿ, ಸಡಿಲ ಹಗ್ಗ ಕಟ್ಟಿ, ರಾಟೆಯ ಮೂಲಕ ದೂರ ನಿಂತು ಎಳೆಯಿರಿ. ಹಗ್ಗಕ್ಕೆ ತೂಗುವ ಕೊಕ್ಕೆ ತಕ್ಕಡಿ ಸಿಕ್ಕಿಸಿ. ನೀವು ನಿಶ್ಚಯಿಸಿದ ಭಾರ 15 ಕಿಲೊ ಆದರೆ, ಬಿಲ್ಲು ಎಷ್ಟೇ ಕಡಿಮೆ ಬಾಗಿರಲಿ, ತಕ್ಕಡಿ 15 ದಾಟಬಾರದು. ಈ ನಿಯಮ ಒಂದನ್ನು ಪಾಲಿಸಿದರೆ ಮುರಿಯಬೇಕಿದ್ದ ಎಷ್ಟೋ ಬಿಲ್ಲುಗಳು ಉಳಿಯುತ್ತವೆ. ಬಾಗದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ ಅಲ್ಲಿ ಮಾತ್ರ ಕೆರೆಯಿರಿ. ಹೆಚ್ಚು ಬಾಗುವ ಜಾಗವನ್ನು ಮುಟ್ಟದೆ ಉಳಿದದ್ದನ್ನು ಅದರ ಸಮಕ್ಕೆ ತನ್ನಿ. ಪ್ರತಿ ಸಲ ಕೆರೆದ ಮೇಲೆ ಇಪ್ಪತ್ತು ಮೂವತ್ತು ಬಾರಿ ಅರ್ಧ ಎಳೆತಕ್ಕೆ ಎಳೆದು ಬಿಡಿ, ಆಮೇಲೆಯೇ ಮರ ನಿಜವಾದ ಬಾಗು ತೋರಿಸುತ್ತದೆ. ಎರಡೂ ತೋಳು ಒಂದೇ ತೆರನಾದ ಮೇಲೆ ಹೆದೆ ಏರಿಸಿ. ಹಿಡಿಗೂ ಹೆದೆಗೂ 5 ಇಂಚು ಸಾಕು. ಹೆದೆಗೆ ನೈಲಾನ್ ಬೇಡ, ಅದು ಹಿಗ್ಗುತ್ತದೆ. ಹೊಲಿಗೆಯ ಗಟ್ಟಿ ಪಾಲಿಯೆಸ್ಟರ್ ದಾರದ ಹಲವು ಎಳೆ ಹೊಸೆದು ಮೇಣ ಹಚ್ಚಿ.

ಹೆದೆ ಇಳಿಸಿದಾಗ ತುದಿಗಳು ಮೊದಲಿನ ನೇರಕ್ಕಿಂತ ಒಂದು ಇಂಚು ಹಿಂದೆ ಉಳಿದರೆ ಸಹಜ. ಎರಡು ಇಂಚಿನ ಹತ್ತಿರ ಬಂತೆಂದರೆ ಹೊಟ್ಟೆಯ ನಾರು ಜಜ್ಜಿಹೋಗುತ್ತಿದೆ. ಆಗ ಎಳೆತವನ್ನು ಅಲ್ಲಿಗೇ ನಿಲ್ಲಿಸಿ. 24ಕ್ಕೆ ಎಂದು ಹೊರಟ ಬಿಲ್ಲು 21ಕ್ಕೆ ನಿಂತರೆ ಅದನ್ನು 21ರ ಬಿಲ್ಲೆಂದೇ ಇಟ್ಟುಕೊಳ್ಳಿ, ಬಾಣಗಳನ್ನೂ ಅದಕ್ಕೆ ತಕ್ಕ ಉದ್ದಕ್ಕೆ ಕತ್ತರಿಸಿ. ಅದಕ್ಕಿಂತ ಹಿಂದಕ್ಕೆ ಯಾರೂ ಎಳೆಯದಿರಲು ಅದೇ ಒಳ್ಳೆಯ ತಡೆ.

ಹವೆಗೂ ಬಿಲ್ಲಿಗೂ ನಂಟಿದೆ. ಖಾನಾಪುರದ ಮಳೆಗಾಲದಲ್ಲಿ ಮರ ತೇವ ಹೀರಿ ಮೆತ್ತಗಾಗುತ್ತದೆ, ಬಾಗು ಬೇಗ ಉಳಿಯುತ್ತದೆ. ಹದ ಮಾಡುವ ಕೆಲಸವನ್ನು ದಸರೆಯ ನಂತರಕ್ಕೆ ಇಟ್ಟುಕೊಳ್ಳಿ. ವಿಜಯಪುರ, ಇಂಡಿ ಕಡೆಯ ಬೇಸಗೆಯಲ್ಲಿ ಇದರ ತದ್ವಿರುದ್ಧ: ಮರ ಅತಿಯಾಗಿ ಒಣಗಿ ಸಿಡುಕಾಗುತ್ತದೆ. ತಗಡಿನ ಮಾಡಿನ ಕೆಳಗೆ, ಮೋಟಾರ್ ಗಾಡಿಯೊಳಗೆ ಬಿಲ್ಲು ಬಿಡಬೇಡಿ. ಮನೆಯ ತಂಪು ಕೋಣೆಯಲ್ಲಿ ಹೆದೆ ಇಳಿಸಿ ಅಡ್ಡ ಗೂಟದ ಮೇಲೆ ಇಡಿ. ಅಗಸಿ ಎಣ್ಣೆಯನ್ನು ತೆಳುವಾಗಿ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಮತ್ತೆ ಒರೆಸಿ, ಹೀಗೆ ನಾಲ್ಕೈದು ಕೈ ಹಚ್ಚಿದರೆ ತೇವದ ಏರಿಳಿತ ಕಡಿಮೆಯಾಗುತ್ತದೆ.

ಬಾಣವಿಲ್ಲದೆ ಹೆದೆ ಎಳೆದು ಬಿಡಬಾರದು, ಬಾಣಕ್ಕೆ ಹೋಗಬೇಕಾದ ಪೆಟ್ಟೆಲ್ಲ ತೋಳಿಗೇ ಮರಳುತ್ತದೆ. ಪ್ರತಿ ಸಲ ಹೊಡೆಯುವ ಮೊದಲು ಬೆನ್ನಿನ ಮೇಲೆ ಹತ್ತಿಯ ಉಂಡೆಯೊಂದನ್ನು ತುದಿಯಿಂದ ತುದಿಗೆ ಓಡಿಸಿ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಸಿಬಿರು ಎದ್ದಿದೆ, ಅವತ್ತು ಹೊಡೆಯಬೇಡಿ. ಗುರಿಗೆ ಕಬ್ಬಿನ ರವದಿ ತುಂಬಿದ ಗೋಣಿಚೀಲ ಸಾಕು, ಅದರ ಹಿಂದೆ ಮಣ್ಣಿನ ಒಡ್ಡು ಇರುವ ಜಾಗ ಆರಿಸಿ. ಮೊಲ, ಕೌಜುಗ ಎಂದು ಹೊರಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ.